ಕರಿ ಮುಗಿಲು, ನೀಲಿ ಮುಗಿಲು: ವಿಜಯಪುರ ಸೀಮೆಯ ಹಾಡಿನ ಬಣ್ಣ

ಟೀವಿಯಲ್ಲಿ ಸಿನಿಮಾ ಹಾಡು ಬಂದಾಗ ನಮ್ಮ ದೊಡ್ಡವ್ವ ನಾಯಕ, ನಾಯಕಿಯನ್ನು ನೋಡುತ್ತಿರಲಿಲ್ಲ. ಅವರ ಹಿಂದಿನ ತಿಳಿ ನೀಲಿ ಆಕಾಶ ನೋಡುತ್ತಿದ್ದಳು. "ಮುಗಿಲು ಬೋಳಾಗೇತಿ, ಇವರದೇನು ಕುಣಿತ?" ಅನ್ನುತ್ತಿದ್ದಳು. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಒಣಬೇಸಾಯದ ಮನೆ ಅವಳದು. ಜೂನ್‌ನಲ್ಲಿ ಮೋಡವಿಲ್ಲ ಅಂದರೆ ಬಿತ್ತನೆ ಇಲ್ಲ.

ಹಳಗನ್ನಡದಲ್ಲಿ ಮುಗಿಲು ಅಂದರೆ ಮೋಡ. ನಮ್ಮ ಕಡೆ ಆಕಾಶಕ್ಕೇ ಮುಗಿಲು ಅಂತೀವಿ. ಮೋಡ ಇದ್ದರೇನೇ ಅದು ಆಕಾಶ ಅನ್ನುವ ಹಾಗೆ! ಈ ಒಂದು ಮಾತಿನಲ್ಲೇ ನಮ್ಮ ಹಾಡುಗಳ ಬಣ್ಣ ಅಡಗಿದೆ ಅಂತ ನನಗೆ ಅನ್ನಿಸುತ್ತದೆ.

ಅರಮನೆಯ ಮುಗಿಲು ಮಾತ್ರ ಬೇರೆ ಇತ್ತು. 1570ರ ಸುಮಾರಿಗೆ ವಿಜಯಪುರದಲ್ಲಿ 'ನುಜೂಮ್ ಅಲ್ ಉಲೂಮ್' ಅನ್ನುವ ಗ್ರಂಥ ತಯಾರಾಯಿತು. ನಕ್ಷತ್ರ, ಗ್ರಹಗಳ ವಿದ್ಯೆಯನ್ನು ಬಣ್ಣಬಣ್ಣದ ಚಿತ್ರಗಳಲ್ಲಿ ಬಿಡಿಸಿದ ಪುಸ್ತಕ ಅದು. ಈಗ ಡಬ್ಲಿನ್‌ನಲ್ಲಿದೆ. ಆಮೇಲೆ ಪಟ್ಟಕ್ಕೆ ಬಂದವನು ಎರಡನೇ ಇಬ್ರಾಹಿಂ ಆದಿಲ್ ಶಾ. 1580ರಿಂದ 1627ರವರೆಗೆ ಆಳಿದ ಈ ಸುಲ್ತಾನನಿಗೆ ಸಂಗೀತವೇ ಉಸಿರು. ದಖನಿ ಭಾಷೆಯಲ್ಲಿ 'ಕಿತಾಬ್ ಎ ನವರಸ್' ಬರೆದ. ಅದರಲ್ಲಿ 59 ಹಾಡು, 17 ದೋಹೆ (ಎರಡು ಸಾಲಿನ ಪದ್ಯ) ಇವೆ. ರಾಗಗಳನ್ನು ಕಣ್ಣಿಗೆ ಕಾಣುವ ಹಾಗೆ ಅವನು ಬಣ್ಣಿಸುತ್ತಾನೆ. ಭೈರವ ರಾಗ ಅಂದರೆ ಕರ್ಪೂರದಷ್ಟು ಬಿಳುಪು, ಹಣೆಯಲ್ಲಿ ಚಂದ್ರ. ಎಂಥ ಚೆಂದದ ಕಲ್ಪನೆ ಅಲ್ವಾ? 1599ರಲ್ಲಿ ತೊರವಿಯ ಹತ್ತಿರ ನವರಸಪುರ ಕಟ್ಟಲು ಶುರು ಮಾಡಿದ. ಅಲ್ಲಿನ ಸಂಗೀತ ಮಹಲಿನ ಗೋಡೆಗಳು ಇವತ್ತಿಗೂ ನಿಂತಿವೆ.

ಓಣಿಯ ಹಾಡಿಗೆ ಬೇಕಾಗಿದ್ದು ಚಂದ್ರ ಅಲ್ಲ, ಮಳೆ. ಮಳೆ ತಡವಾದಾಗ ನಾವು ಹುಡುಗರು ಗುರ್ಜಿ ಆಡುತ್ತಿದ್ದೆವು, ಅಂದರೆ ಗುರ್ಜಿ ಅನ್ನುವ ಮೂರ್ತಿ ಹೊತ್ತು ಮಳೆ ಬೇಡುವುದು. ರೊಟ್ಟಿ ಹಂಚನ್ನು ಬೋರಲು ಹಾಕಿ, ಅದರ ಮೇಲೆ ಮಣ್ಣಿನ ಗುರ್ಜಿ ಕೂರಿಸಿ, ಗರಿಕೆ ಸಿಗಿಸುವುದು. ಒಬ್ಬ ಹುಡುಗ ಅದನ್ನು ತಲೆ ಮೇಲೆ ಹೊರುತ್ತಾನೆ. ಮನೆಮನೆ ಮುಂದೆ ನಿಂತು ಹಾಡುವುದು. ಒಳಗಿನಿಂದ ಹೆಂಗಸರು ಬಂದು ಗುರ್ಜಿಯ ಮೇಲೆ ತಂಬಿಗೆ ನೀರು ಸುರಿಯುತ್ತಾರೆ. ಹುಡುಗ ಗಿರ್ರನೆ ತಿರುಗುತ್ತಾನೆ. ಹಂಚಿನ ಮಸಿ ನೀರಿನ ಜೊತೆ ಇಳಿದು ಕಿವಿ, ಕುತ್ತಿಗೆ, ಬೆನ್ನೆಲ್ಲಾ ಕರ್ರಗಾಗುತ್ತದೆ. ಸುತ್ತ ನಿಂತವರ ಅಂಗಿಗೂ ಕರಿ ಹನಿ. ಆ ಅಂಗಿಗೆ ಯಾವ ಅವ್ವನೂ ಬೈಯುತ್ತಿರಲಿಲ್ಲ. ಕೊಟ್ಟ ಜೋಳದ ಹಿಟ್ಟು ಸೇರಿಸಿ, ಅಡುಗೆ ಮಾಡಿ, ಹಣಮಪ್ಪನ ಗುಡಿ ಮುಂದೆ ಎಲ್ಲರೂ ಉಣ್ಣುತ್ತಿದ್ದೆವು.

ಬಣ್ಣ ನೋಡಿ ಮಳೆ, ಬೆಳೆ ಹೇಳುವ ರೂಢಿ ಕಾರ ಹುಣ್ಣಿಮೆಯಲ್ಲೂ ಇದೆ. ಅವತ್ತು ಎತ್ತುಗಳನ್ನು ಓಡಿಸಿ ಕರಿ ಹರಿಯುವಾಗ ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಬೆಳೆ ಚಲೋ, ಕಂದು ಎತ್ತು ಬಂದರೆ ಮುಂಗಾರಿ ಚಲೋ ಅನ್ನುತ್ತಾರೆ.

ಅರಮನೆಯ ರಾಗ, ಓಣಿಯ ಹಾಡು ಎರಡನ್ನೂ ಒಂದೇ ಗಂಟಲಲ್ಲಿ ಸೇರಿಸಿದವರು ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು. 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದವರು. ಕ್ಷಯ ರೋಗದಿಂದ 1948ರಲ್ಲಿ ಮಧ್ಯಪ್ರದೇಶದ ಮಾಳವ ಸೀಮೆಯ ದೇವಾಸ್‌ಗೆ ಹೋಗಿ ವರ್ಷಗಟ್ಟಲೆ ಹಾಡದೆ ಮಲಗಿದರು. ಆಗ ಕಿವಿಗೆ ಬಿದ್ದದ್ದು ಮಾಳವದ ಜನಪದ ಹಾಡು. ಚೇತರಿಸಿಕೊಂಡ ಮೇಲೆ ಮಳೆಗಾಲದ ಹಾಡುಗಳನ್ನೇ ಪೋಣಿಸಿ 'ಗೀತ ವರ್ಷಾ' ಅನ್ನುವ ಕಛೇರಿ ಕಟ್ಟಿದರು. ಮಾಳವದ ಮಳೆ ಅದು, ನಿಜ. ಆದರೂ ಮಳೆಗಾಗಿಯೇ ಒಂದು ಇಡೀ ಕಛೇರಿ ಮೀಸಲಿಟ್ಟ ಗಾಯಕ ನಮ್ಮ ನೆಲದವರು ಅನ್ನುವುದು ನನಗೆ ಹೆಮ್ಮೆ.

ಇನ್ನು ಸಿನಿಮಾದ ನೀಲಿ ಮುಗಿಲು. 1964ರಲ್ಲಿ ಕನ್ನಡಕ್ಕೆ ಮೊದಲ ಪೂರ್ಣ ವರ್ಣಚಿತ್ರ ಬಂತು. ನೀಲಿ ಆಕಾಶ ಖುಷಿಯ ಬಣ್ಣವಾಗಿ ನಮ್ಮ ಕಣ್ಣಿಗೆ ಬಿದ್ದದ್ದು ಹೀಗೆ ತೆರೆಯ ಮೇಲೆಯೇ.

ಈಗ ದೊಡ್ಡವ್ವನ ಮಗ ದ್ರಾಕ್ಷಿ ಬೆಳೆಯುತ್ತಾನೆ. ಮಾರ್ಚ್‌ನಲ್ಲಿ ಶೆಡ್ಡಿನೊಳಗೆ ಬಲೆಯ ಮೇಲೆ ಹಣ್ಣು ಹರವಿ ಸುಮಾರು 15 ದಿನ ಒಣಗಿಸುತ್ತಾನೆ. ಆಗ ಕರಿ ಮೋಡ ಕಂಡರೆ ಎದೆ ಧಸಕ್ ಅನ್ನುತ್ತದೆ. ಒಂದು ಮಳೆ ಬಿದ್ದರೂ ಒಣದ್ರಾಕ್ಷಿಯ ಬಣ್ಣ ಕೆಟ್ಟು ರೇಟು ಇಳಿಯುತ್ತದೆ. ಮುಗಿಲು ಬೋಳಾಗಿರಲಿ ಅಂತ ಬೇಡಿಕೊಳ್ಳುವವನು ನಮ್ಮ ಮನೆತನದಲ್ಲಿ ಅವನೇ ಮೊದಲಿಗ. ಆ ಬೇಡಿಕೆ ಹೇಳಿಕೊಳ್ಳಲು ನಮ್ಮ ಓಣಿಯಲ್ಲಿ ಹಾಡಿಲ್ಲ. ಶೆಡ್ಡಿನ ಬಾಗಿಲಲ್ಲಿ ಸುಮ್ನೆ ನಿಂತು ಮೇಲೆ ನೋಡುತ್ತಾನೆ.