ಗಿಟಾರ್ ಹಳೆಯದಾದಷ್ಟೂ ಬೆಲೆ ಏರುತ್ತಾ?

"ಸರ್, ನಮ್ಮ ಮಾವನ ಗಿಟಾರ್ ಅಟ್ಟದಲ್ಲಿ ಸಿಕ್ಕಿತು. ನಲವತ್ತು ವರ್ಷ ಹಳೆಯದು. ಎಷ್ಟು ಬರಬಹುದು?"

ಮತ್ತೆ ಬಂತು. ಒಮ್ಮೆ ಮಾವನ ಬದಲು ಚಿಕ್ಕಪ್ಪ, ಇನ್ನೊಮ್ಮೆ ಅಟ್ಟದ ಬದಲು ಮಂಚದ ಕೆಳಗೆ, ಅಷ್ಟೇ ವ್ಯತ್ಯಾಸ. ನನ್ನ ಉತ್ತರವೂ ಹಳೆಯದೇ: ತಂತಿ ಬದಲಿಸಿ, ನುಡಿಸಿ.

ಬರೀ ವಯಸ್ಸಿಗೆ ಯಾರೂ ದುಡ್ಡು ಕೊಡುವುದಿಲ್ಲ. ಅಮೆರಿಕದ ಗಿಬ್ಸನ್ ಕಂಪನಿ 1958ರಿಂದ 1960ರವರೆಗೆ ಸನ್‌ಬರ್ಸ್ಟ್ ಬಣ್ಣದ, ಅಂದರೆ ನಡುವೆ ಹಳದಿ ಅಂಚಿಗೆ ಕೆಂಪು ಬಳಿದ, ಲೆಸ್ ಪಾಲ್ ಎಂಬ ಮಾದರಿಯ ಎಲೆಕ್ಟ್ರಿಕ್ ಗಿಟಾರ್‌ಗಳನ್ನು ಮಾಡಿತು, ಸುಮಾರು 1,500. ಆಗಿನ ಬೆಲೆ 300 ಡಾಲರಿನೊಳಗೆ. ಆದರೂ ಕೊಳ್ಳುವವರು ಸಾಲದೆ ಮಾದರಿಯನ್ನೇ ಕೈಬಿಟ್ಟರು. ಇಂದು ಚೆನ್ನಾಗಿ ಉಳಿದ 1959ರ ಒಂದಕ್ಕೆ ಲಕ್ಷಗಟ್ಟಲೆ ಡಾಲರ್. ಅದೇ ಕಂಪನಿಯ 1970ರ ದಶಕದ ಲೆಸ್ ಪಾಲ್‌ಗಳಿಗೂ ಐವತ್ತು ವರ್ಷದ ಆಸುಪಾಸು ವಯಸ್ಸಾಗಿದೆ. ಅವುಗಳಿಗೆ ಇದರ ಹತ್ತರಲ್ಲೊಂದು ಪಾಲೂ ಸಿಗದು.

ನಡುವೆ ಆದದ್ದಿಷ್ಟು. 1966ರಲ್ಲಿ ಬಂದ, ಬ್ರಿಟನ್ನಿನ ಜಾನ್ ಮೇಯಲ್ ತಂಡದ ಆಲ್ಬಮಿನಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಆ ಸನ್‌ಬರ್ಸ್ಟ್‌ಗಳಲ್ಲೊಂದನ್ನು ಮಾರ್ಷಲ್ ಆಂಪ್ಲಿಫೈಯರಿಗೆ ಸಿಕ್ಕಿಸಿ ಜೋರಾಗಿ ನುಡಿಸಿದ್ದರು. ಕೇಳಿದ ಹುಡುಗರಿಗೆಲ್ಲ ಅದೇ ಬೇಕಾಯಿತು, ಅಂಗಡಿಯಲ್ಲಿ ಮಾತ್ರ ಇರಲಿಲ್ಲ. ಆ ತಲೆಮಾರು ಮುಂದೆ ಕೈತುಂಬ ಸಂಪಾದಿಸಿ ಚೆಕ್ ಬರೆಯತೊಡಗಿತು.

"ಮರ ಒಣಗಿ ನಾದ ಮಾಗುತ್ತದಲ್ಲ ಸರ್?" ಇದು ಎಷ್ಟು ಸಲ ಹೊಡೆದರೂ ಸಾಯದ ಮಾತು. ಮರ ಒಣಗುವುದು ನಿಜ. ಆದರೆ 1970ರ ದಶಕದ ಮರವೇನು ಹಸಿಯಾಗಿಯೇ ಕೂತಿದೆಯೇ? ನಾದಕ್ಕೇ ಬೆಲೆ ಅನ್ನುವುದಾದರೆ, ಬಣ್ಣ ಕೆರೆದು ಹೊಸದಾಗಿ ಬಳಿದ ಕೂಡಲೇ ಬೆಲೆ ಅರ್ಧಕ್ಕೆ ಕುಸಿಯುವುದೇಕೆ? ಮರ ಅದೇ, ತಂತಿಯ ಕಂಪನವನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಪಿಕಪ್ ಅದೇ. ಇನ್ನು ಪಿಕಪ್ಪಿನ ತಳದಲ್ಲಿ "ಪೇಟೆಂಟ್ ಅಪ್ಲೈಡ್ ಫಾರ್" (ಪೇಟೆಂಟಿಗೆ ಅರ್ಜಿ ಹಾಕಿದೆ) ಎಂದು ಅಂಟಿಸಿದ ಉಗುರಗಲದ ಕಪ್ಪು ಚೀಟಿ! ಅದು ಉಳಿದಿದ್ದರೆ ಬೆಲೆ ಇನ್ನೂ ಜಾಸ್ತಿ. ಚೀಟಿ ಯಾವ ಸ್ವರ ಹಾಡುತ್ತದೆ, ಹೇಳಿ.

ಬಣ್ಣದ ಮಾತು ಬಂದದ್ದರಿಂದ, ಯಾರೂ ಕೇಳದಿದ್ದರೂ ಇದನ್ನು ಹೇಳಲೇಬೇಕು. 1959ರ ಕೆಂಪು ಬಿಸಿಲಿಗೆ ನಿಲ್ಲುತ್ತಿರಲಿಲ್ಲ. ಅಂಗಡಿಯ ಕಿಟಕಿಯಲ್ಲಿ ಕೂತದ್ದು ಜೇನುಬಣ್ಣಕ್ಕೋ ನಿಂಬೆಹಳದಿಗೋ ತಿರುಗಿತು. ಪೆಟ್ಟಿಗೆಯೊಳಗೇ ಇದ್ದದ್ದು ಕೆಂಪಾಗಿಯೇ ಉಳಿಯಿತು. ಮಾಸಿದ ಗಿಟಾರಿನ ಪಿಕ್‌ಗಾರ್ಡ್, ಅಂದರೆ ಗೀರು ಬೀಳದಂತೆ ಮುಂಭಾಗಕ್ಕೆ ಹಾಕಿದ ತಟ್ಟೆ, ಬಿಚ್ಚಿದರೆ, ಅದರ ನೆರಳಲ್ಲಿದ್ದ ಅಂಚು ಮಾತ್ರ ಕಡುಗೆಂಪು. ವಾಚ್ ತೆಗೆದಾಗ ಮಣಿಕಟ್ಟಿನಲ್ಲಿ ಪಟ್ಟಿ ಕಾಣುವುದಿಲ್ಲವೇ, ಹಾಗೆ. 1960ರಲ್ಲಿ ಕಂಪನಿ ಮಾಸದ ಕೆಂಪನ್ನು ತಂದು ದೋಷ ಸರಿಪಡಿಸಿತು. ಅನೇಕರು ಹುಡುಕಿಕೊಂಡು ಹೋಗುವುದು ಮಾತ್ರ ಆ ಮಾಸಿದ್ದನ್ನೇ.

ನಿಮ್ಮ ಮಾವನ ಗಿಟಾರಿಗೆ ಬೇಕಾದರೆ ಪಾಲಿಶ್ ಹೊಡೆಸಿ, ನನ್ನ ಅಭ್ಯಂತರವಿಲ್ಲ.