6.5ರಿಂದ ಗುಣಿಸಿ ಚಳಿ ಲೆಕ್ಕ ಹಾಕುವವರಿಗೆ

ಗುಡ್ಡದ ಕಡೆ ತೋಟ ಮಾಡಿದವರು ನನ್ನ ಹತ್ತಿರ ಬರುವಾಗ ಲೆಕ್ಕ ಮುಗಿಸಿಕೊಂಡೇ ಬರುತ್ತಾರೆ. ಊರಿಗಿಂತ ಇಷ್ಟು ಮೀಟರ್ ಎತ್ತರ, ಸಾವಿರ ಮೀಟರಿಗೆ 6.5 ಡಿಗ್ರಿ ಕಡಿಮೆ, ಹಾಗಾಗಿ ನಮ್ಮಲ್ಲಿ ಇಷ್ಟೇ ಡಿಗ್ರಿ! ಡಿಸೆಂಬರ್ ಬಂದರೆ ಅವರದೇ ಫೋನು: "ಸಾರ್, ಕೆಳಗಡೆ ನಡುಗೋ ಚಳಿ, ಮೇಲೆ ಬೆಚ್ಚಗಿದೆ. ಇದೇನು ಉಲ್ಟಾ?"

ಈ 6.5 ಎಂಬುದು ವಿಮಾನದವರು ಒಪ್ಪಿಕೊಂಡ ಸರಾಸರಿ. ಸಮುದ್ರ ಮಟ್ಟದಲ್ಲಿ 15 ಡಿಗ್ರಿ, ಅಲ್ಲಿಂದ 11 ಕಿಲೋಮೀಟರ್‌ವರೆಗೆ ಒಂದೇ ಸಮನೆ ಇಳಿಕೆ ಅಂತ ಇಟ್ಟುಕೊಂಡ ಲೆಕ್ಕ. ಮಂಗಳೂರಿನವರನ್ನು ಕೇಳಿ ನೋಡಿ, 15 ಡಿಗ್ರಿ ಎಂದಾದರೂ ಕಂಡಿದ್ದೀರಾ ಅಂತ.

ಬಿಸಿಲಿಗೆ ಮುಖ್ಯವಾಗಿ ಕಾಯುವುದು ನೆಲ, ನೆಲದಿಂದ ಗಾಳಿ. ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಮುಂದಿನದು ಮಾತ್ರ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಮೇಲೆ ಹೋದ ಗಾಳಿ ಅಲ್ಲಿನ ಚಳಿ ತಗುಲಿ ತಣ್ಣಗಾಗುತ್ತದೆ ಅಂತಲೇ ಅಂದುಕೊಳ್ಳುತ್ತಾರೆ. ಅಲ್ಲ. ಮೇಲೆ ಒತ್ತಡ ಕಡಿಮೆ, ಅದಕ್ಕೇ ಗಾಳಿ ಹಿಗ್ಗುತ್ತದೆ. ಹಿಗ್ಗಬೇಕಾದರೆ ಸುತ್ತಲಿನ ಗಾಳಿಯನ್ನು ತಳ್ಳಬೇಕು. ತಳ್ಳುವ ಶಕ್ತಿ ತನ್ನೊಳಗಿನ ಶಾಖದಿಂದಲೇ ಖರ್ಚಾಗಬೇಕು. ಹೊರಗಿನ ಚಳಿ ಒಂಚೂರೂ ತಾಗದಿದ್ದರೂ ಅದು ತಣ್ಣಗಾಗುತ್ತದೆ. ಕೆಳಗಿಳಿದರೆ ಒತ್ತಿಸಿಕೊಂಡು ಮತ್ತೆ ಬಿಸಿ. ಸೈಕಲ್ ಪಂಪಿನ ತುದಿ ಮುಟ್ಟಿದ್ದೀರಲ್ವಾ, ಅದೇ ಕತೆ.

ಹೀಗೆ ಏರುವ ಒಣ ಗಾಳಿ ಕಿಲೋಮೀಟರಿಗೆ 9.8 ಡಿಗ್ರಿ ತಣ್ಣಗಾಗುತ್ತದೆ. ಮಳೆಗಾಲದಲ್ಲಿ ಘಟ್ಟ ಹತ್ತುವ ಗಾಳಿಯಲ್ಲಿ ಆವಿ ಮೋಡವಾಗುವಾಗ ಅಡಗಿದ್ದ ಶಾಖ ಹೊರಬರುತ್ತದೆ, ಇಳಿಕೆ ಸುಮಾರು 4-5ಕ್ಕೆ ಬಂದು ನಿಲ್ಲುತ್ತದೆ. ಒಂದೇ ಗುಡ್ಡ, ಮಾರ್ಚ್ ಮಧ್ಯಾಹ್ನಕ್ಕೊಂದು ಲೆಕ್ಕ, ಜುಲೈಗೊಂದು.

ಇನ್ನು ಚಳಿಗಾಲದ ರಾತ್ರಿ. ಆಕಾಶ ತಿಳಿಯಾಗಿದ್ದು ಗಾಳಿ ಬೀಸದಿದ್ದರೆ ಏರುವ ಗಾಳಿಯೇ ಇರುವುದಿಲ್ಲ. ನೆಲ ಶಾಖ ಕಳೆದುಕೊಳ್ಳುತ್ತದೆ, ಅದಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ನಂದಿ ಬೆಟ್ಟ 1,478 ಮೀಟರ್, ಬೆಂಗಳೂರಿಗಿಂತ ಸುಮಾರು 550 ಮೀಟರ್ ಮೇಲೆ. 6.5ರ ಲೆಕ್ಕದಲ್ಲಿ ಮೂರೂವರೆ ಡಿಗ್ರಿ ತಂಪಾಗಿರಬೇಕು. ಆದರೆ ಜನವರಿಯ ಬೆಳಗಿನ ಜಾವ ಬುಡದ ಹೊಲಗಳೇ ಬೆಟ್ಟಕ್ಕಿಂತ ತಣ್ಣಗಿರಬಹುದು. ಮೇಲೆ ನಿಂತು ಸೆಲ್ಫಿ ತೆಗೆಯುತ್ತೀರಲ್ಲ, ಕೆಳಗೆ ಹರಡಿದ ಆ ಮಂಜು ಹೆಚ್ಚಾಗಿ ಇದರದೇ ಕೆಲಸ. ನೀಲಗಿರಿಯಲ್ಲೂ ಹಿಮ ಕಟ್ಟಿ ಟೀ ಗಿಡ ಸುಡುವುದು ತಗ್ಗುಗಳಲ್ಲೇ ಜಾಸ್ತಿ.

ಅದಕ್ಕೇ ಹೇಳೋದು, ಸುಮ್ನೆ ಗುಣಿಸಬೇಡಿ. ಎರಡು ಥರ್ಮಾಮೀಟರ್ ತನ್ನಿ, ಒಂದು ನೆತ್ತಿಯಲ್ಲಿ, ಇನ್ನೊಂದು ತಗ್ಗಿನಲ್ಲಿ. ನೆರಳಲ್ಲಿ, ಎದೆಮಟ್ಟದಲ್ಲಿ, ಗೋಡೆಗೆ ತಾಗದಂತೆ. ಒಂದು ಚಳಿಗಾಲ ಪೂರ್ತಿ ಬರೆದಿಡಿ, ಆಮೇಲೆ ನರ್ಸರಿ ಎಲ್ಲಿ ಅಂತ ಮಾತಾಡೋಣ.

ಹಿರಿಯ ಬೆಳೆಗಾರರೊಬ್ಬರು ಇಳಿಜಾರಿನ ಬುಡಕ್ಕೆ ಅಡ್ಡಲಾಗಿ ಗಟ್ಟಿ ಕಾಂಪೌಂಡ್ ಕಟ್ಟಿಸಿದ್ದರು. ಗೋಡೆಯ ಹಿಂದೆ, ಇಳಿಜಾರಿನ ಕಡೆಯ ಸಸಿಗಳೆಲ್ಲ ಚಳಿಗೆ ಕಪ್ಪಾಗಿದ್ದವು. ತಣ್ಣನೆ ಗಾಳಿ ಹರಿದುಹೋಗಲು ಅಲ್ಲಲ್ಲಿ ಒಡೆಸಿ ಎಂದೆ. "ಗಾಳಿಗೂ ಗೇಟ್ ಇಡಿಸಬೇಕೇನ್ರೀ?" ಎಂದು ನಕ್ಕರು, ಆದರೂ ಒಡೆಸಿದರು. ಮರುವರ್ಷ ಸಸಿಗಳು ಉಳಿದವು. ಅದೆಲ್ಲ ಗೋಡೆ ಒಡೆದದ್ದರಿಂದಲೇ ಆಯ್ತು ಅನ್ನಲಾರೆ, ಆ ವರ್ಷ ಚಳಿಯೂ ಸ್ವಲ್ಪ ಕಮ್ಮಿ ಇತ್ತು.