ಆ ಹತ್ತು ರೂಪಾಯಿ ಎಲ್ಲಿಗೆ ಹೋಯಿತು?

ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಲೆಕ್ಕಕ್ಕೆ ಅನುಕೂಲವಾಗಲಿ ಅಂತ ಸರಿಯಾಗಿ 60 ಎಂದೇ ಹಿಡಿಯೋಣ. ಈರುಳ್ಳಿ ಮೂಟೆ ಹೇರಿಕೊಂಡ ಹಳೇ ಲಾರಿಯೊಂದು ದುರ್ಗ ಬಿಟ್ಟು, ಗಂಟೆಗೆ 30 ಕಿಲೋಮೀಟರಿನಂತೆ ತೆವಳುತ್ತ ದಾವಣಗೆರೆ ಸೇರಿತು. ಮೂಟೆ ಇಳಿಸಿ ಈಗ ವಾಪಸು ಹೊರಟಿದೆ. ಇಳಿಸಲು ಹಿಡಿದ ಹೊತ್ತು ಲೆಕ್ಕಕ್ಕಿಲ್ಲ. ಹೋಗಿಬಂದ ಇಡೀ ದಾರಿಯ ಸರಾಸರಿ ವೇಗ ಗಂಟೆಗೆ 60 ಆಗಬೇಕು ಅಂದರೆ ಬರುವಾಗ ಲಾರಿ ಎಷ್ಟು ವೇಗದಲ್ಲಿ ಓಡಬೇಕು?

ಚಹಾ ಅಂಗಡಿ ಮುಂದೆ ನಿಂತು ಕೇಳಿ ನೋಡಿ. ಲೋಟ ಕೆಳಗಿಡುವ ಮೊದಲೇ ಉತ್ತರ ಬರುತ್ತದೆ: "ತೊಂಬತ್ತು ಅಲ್ವೇನಣ್ಣಾ?" ಮೂವತ್ತು, ತೊಂಬತ್ತು ಕೂಡಿಸಿ ಅರ್ಧ ಮಾಡಿದರೆ ಅರವತ್ತು. ಎಷ್ಟು ಚೆಂದ ಕೂಡುತ್ತದೆ! ಆದರೆ ತೊಂಬತ್ತರಲ್ಲಿ ಓಡಿಸಿದರೆ ಬರಲು 40 ನಿಮಿಷ ಬೇಕು. ಹೋಗಲು ಆಗಲೇ 2 ಗಂಟೆ ಹಿಡಿದಿದೆ. 120 ಕಿಲೋಮೀಟರಿಗೆ 2 ಗಂಟೆ 40 ನಿಮಿಷ. ಸರಾಸರಿ ಬರುವುದು ಬರೀ 45. ಹಾಗಾದರೆ 200? 500? ಯಾವುದೂ ಸಾಲದು. 120 ಕಿಲೋಮೀಟರನ್ನು ಸರಾಸರಿ 60ರಲ್ಲಿ ಮುಗಿಸಲು ಸಿಗುವುದೇ ಒಟ್ಟು 2 ಗಂಟೆ. ಆ ಎರಡೂ ಗಂಟೆಯನ್ನು ಲಾರಿ ಹೋಗುವಾಗಲೇ ತಿಂದುಹಾಕಿದೆ. ವಾಪಸು ಬರಲು ಉಳಿದಿರುವ ಸಮಯ ಸೊನ್ನೆ.

ತೊಂಬತ್ತು ಅಂದವರು ಪೆಚ್ಚಾಗಬೇಕಿಲ್ಲ. ಮನಸ್ಸು ಬಿಡಿ ಭಾಗಗಳನ್ನಲ್ಲ, ಇಡಿಯನ್ನೇ ಕಾಣುತ್ತದೆ ಎನ್ನುವ ಗೆಸ್ಟಾಲ್ಟ್ ಪಂಥದ ಮನೋವಿಜ್ಞಾನಿ ಮ್ಯಾಕ್ಸ್ ವರ್ಟ್‌ಹೈಮರ್ ಇದೇ ಲೆಕ್ಕವನ್ನು 1934ರಲ್ಲಿ ತನ್ನ ಗೆಳೆಯನಿಗೆ ಪತ್ರದಲ್ಲಿ ಬರೆದು ಕಳಿಸಿದ. ಅದರಲ್ಲಿದ್ದದ್ದು ಹಳೇ ಕಾರು, ಒಂದು ಮೈಲಿ ಏರು, ಒಂದು ಮೈಲಿ ಇಳಿಜಾರು. ಏರುವಾಗ ಗಂಟೆಗೆ 15 ಮೈಲಿ, ಬೇಕಾದ ಸರಾಸರಿ 30. ಇಳಿಯುವುದಕ್ಕೆ ಸಮಯವೇ ಉಳಿದಿಲ್ಲ ಎನ್ನುವುದು ಲೆಕ್ಕ ಹಾಕಿ ನೋಡಿದ ಮೇಲಷ್ಟೇ ತನಗೆ ಗೊತ್ತಾಯಿತು ಎಂದು ಆ ಗೆಳೆಯ ಉತ್ತರ ಬರೆದ. ಗೆಳೆಯನ ಹೆಸರು ಆಲ್ಬರ್ಟ್ ಐನ್‌ಸ್ಟೈನ್.

ಇಲ್ಲಿ ಕಠಿಣ ಗಣಿತ ಏನಿದೆ? ಕೂಡುವುದು, ಭಾಗಿಸುವುದು, ಅಷ್ಟೇ. ಹೈಸ್ಕೂಲಿನ ಹುಡುಗಿ ಮಾಡುವ ಲೆಕ್ಕ. ಸೋಲು ಅದಕ್ಕೂ ಮುಂಚೆಯೇ ಆಗಿಹೋಗಿರುತ್ತದೆ. ಪ್ರಶ್ನೆ ಕೇಳಿದ್ದು ದೂರವನ್ನು ಒಟ್ಟು ಸಮಯದಿಂದ ಭಾಗಿಸಲು. ಮನಸ್ಸು ಅದನ್ನು ಸದ್ದಿಲ್ಲದೆ ಬದಿಗಿಟ್ಟು, ಎರಡು ಸಂಖ್ಯೆಯ ನಡುವಿನದು ಯಾವುದು ಎಂಬ ಬೇರೆ, ಹಗುರವಾದ ಪ್ರಶ್ನೆಗೆ ಉತ್ತರ ಕೊಟ್ಟಿತು. ಒಳ್ಳೆಯ ಲೆಕ್ಕದ ಒಗಟುಗಳು ಬಹುಪಾಲು ಈ ಅದಲುಬದಲಿನ ಮೇಲೇ ನಿಂತಿವೆ. ಅವು ಪರೀಕ್ಷಿಸುವುದು ನಮ್ಮ ಮಗ್ಗಿಯನ್ನಲ್ಲ, ನಾವು ಓದುವ ರೀತಿಯನ್ನು.

ಇನ್ನೊಂದು, ಚಿಕ್ಕದು. ಬ್ಯಾಟು ಮತ್ತು ಚೆಂಡು ಸೇರಿ 1100 ರೂಪಾಯಿ. ಚೆಂಡಿಗಿಂತ ಬ್ಯಾಟಿಗೆ 1000 ರೂಪಾಯಿ ಹೆಚ್ಚು. ಚೆಂಡಿಗೆಷ್ಟು? ನೂರು ಎಂದು ನಾಲಿಗೆ ತುದಿಗೆ ಬಂದಿದ್ದರೆ, ಆಗ ಬ್ಯಾಟಿಗೆ 1100 ಆಗಿ, ಎರಡೂ ಸೇರಿ 1200 ಆಗುತ್ತದೆ. ಸರಿಯುತ್ತರ 50. ಡಾಲರು, ಸೆಂಟುಗಳಲ್ಲಿದ್ದ ಇದೇ ಪ್ರಶ್ನೆಯನ್ನೂ ಇಂಥವೇ ಇನ್ನೆರಡನ್ನೂ ಸೇರಿಸಿ ಶೇನ್ ಫ್ರೆಡರಿಕ್ ಎಂಬ ಸಂಶೋಧಕ 2005ರಲ್ಲಿ ಒಂದು ಪುಟ್ಟ ಪರೀಕ್ಷೆ ಪ್ರಕಟಿಸಿದ. ಅದನ್ನು ತೆಗೆದುಕೊಂಡವರು 3,428 ಮಂದಿ, ಹೆಚ್ಚಿನವರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳು. ಮೂರೂ ಸರಿ ಮಾಡಿದವರು ಶೇಕಡಾ 17. ಒಂದೂ ಸರಿ ಮಾಡದವರು ಶೇಕಡಾ 33. ಇವರಿಗೆಲ್ಲ ಕಳೆಯಲು ಬರುವುದಿಲ್ಲವೆಂದಲ್ಲ. ಮೊದಲು ಬಂದ ಉತ್ತರ ಎಷ್ಟು ನುಣುಪಾಗಿತ್ತೆಂದರೆ ತಾಳೆ ನೋಡುವ ಗೋಜಿಗೆ ಅವರು ಹೋಗಲಿಲ್ಲ.

ಕೇಳುವವನೇ ಪ್ರಶ್ನೆಯನ್ನು ಬದಲಿಸುವ ಒಗಟುಗಳೂ ಇವೆ. ಅದರಲ್ಲಿ ನನಗೆ ಅಚ್ಚುಮೆಚ್ಚಿನದನ್ನು ದಾವಣಗೆರೆಯ ಹೋಟೆಲ್ಲಿನಲ್ಲೇ ಹೇಳುವುದು ವಾಸಿ. ಮೂವರು ಗೆಳೆಯರು ಬೆಣ್ಣೆ ದೋಸೆ ತಿಂದು ತಲಾ 100ರಂತೆ 300 ರೂಪಾಯಿ ಕೊಟ್ಟರು. ಬಿಲ್ಲು 250 ಆಗಿತ್ತು. ಗಲ್ಲದ ಮೇಲಿದ್ದ ಯಜಮಾನರು 50 ರೂಪಾಯಿ ಚಿಲ್ಲರೆಯನ್ನು ಸಪ್ಲೈಯರ್ ಕೈಲಿ ಕಳಿಸಿದರು. ಮೂವರಿಗೆ 50 ಹಂಚುವುದು ಹೇಗೆ? ಆತ ತಲಾ 10 ಕೊಟ್ಟು, ಮಿಕ್ಕ 20 ತನ್ನ ಜೇಬಿಗಿಟ್ಟುಕೊಂಡ. ಈಗ ಒಬ್ಬೊಬ್ಬರು ಕೊಟ್ಟಂತಾಗಿದ್ದು 90. ಮೂವರದು 270. ಸಪ್ಲೈಯರ್ ಹತ್ತಿರ 20. ಒಟ್ಟು 290. ಆ ಇನ್ನೊಂದು ಹತ್ತು ರೂಪಾಯಿ ಎಲ್ಲಿಗೆ ಹೋಯಿತು?

ಎಲ್ಲಿಗೂ ಹೋಗಿಲ್ಲ. ಗೆಳೆಯರು ಬಿಟ್ಟುಬಂದ 270ರಲ್ಲಿ 250 ಗಲ್ಲದಲ್ಲಿದೆ, 20 ಸಪ್ಲೈಯರ್ ಜೇಬಿನಲ್ಲಿದೆ. ಅಂದರೆ ಆ 20 ರೂಪಾಯಿ 270ರ ಒಳಗೇ ಇದೆ. ಒಳಗಿರುವುದನ್ನು ಮತ್ತೆ ಹೊರಗಿನಿಂದ ಕೂಡಿಸಿದರೆ ಬರುವ 290ಕ್ಕೆ ಅರ್ಥವೇ ಇಲ್ಲ. ಕೂಡಿಸಬೇಕಾದದ್ದು ಗೆಳೆಯರಿಗೆ ಮರಳಿದ 30ನ್ನು: 270 ಮತ್ತು 30, ಸೇರಿ 300.

ಇಷ್ಟು ಹೇಳಿದರೂ ಹಲವರ ಮುಖದಲ್ಲಿ ಅನುಮಾನ ಹೋಗುವುದಿಲ್ಲ. ಆಗ ಅಂಕಿಗಳನ್ನು ಬದಲಿಸಿ ನೋಡಬೇಕು. ಬಿಲ್ಲು 190 ಅಂತಿಟ್ಟುಕೊಳ್ಳಿ. ಮರಳಬೇಕಾದದ್ದು 110. ಸಪ್ಲೈಯರ್ ತಲಾ 30 ಕೊಟ್ಟು 20 ಇಟ್ಟುಕೊಂಡ. ಒಬ್ಬೊಬ್ಬರು ಕೊಟ್ಟಿದ್ದು 70, ಮೂವರದು 210, ಅದಕ್ಕೆ 20 ಸೇರಿಸಿದರೆ 230. ಈಗ "ಇನ್ನು 70 ರೂಪಾಯಿ ಎಲ್ಲಿ?" ಎಂದು ಕೇಳಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ; ಕೇಳಿದವನ ಲೆಕ್ಕವೇ ತಪ್ಪು ಎಂದು ನಗುತ್ತಾರೆ. ತಪ್ಪು ಮಾತ್ರ ಎರಡು ಕಡೆಯೂ ಒಂದೇ. 290 ಎನ್ನುವುದು 300ರ ಪಕ್ಕದಲ್ಲೇ ಕೂತಿರುವುದರಿಂದ ಅದು ನೆಂಟನಂತೆ ಕಾಣಿಸುತ್ತದೆ, ಅಷ್ಟೇ. ಒಗಟು ಕಟ್ಟಿದವನ ಜಾಣತನವೆಲ್ಲ ಆ ಅಂಕಿಗಳ ಆಯ್ಕೆಯಲ್ಲಿದೆ. ಅವನು ಒಂದೂ ಸುಳ್ಳು ಹೇಳಿಲ್ಲ ನೋಡಿ. ಯಾವುದನ್ನು ಯಾವುದರ ಜೊತೆ ಕೂಡಿಸಬೇಕೆಂದು ದಾರಿ ತಪ್ಪಿಸಿದ, ನಾವು ಹೋದೆವು.

(ಬಸ್ಸಿಗೆ ಹತ್ತು ಜನ ಹತ್ತಿದರು, ನಾಲ್ಕು ಜನ ಇಳಿದರು ಎಂದು ಉದ್ದಕ್ಕೆ ಹೇಳಿ, ಕೊನೆಗೆ ಡ್ರೈವರ್ ಹೆಸರೇನು ಎಂದು ಕೇಳುವುದಿದೆಯಲ್ಲ, ಅದನ್ನು ನಾನು ಒಗಟಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದು ಬರೀ ಚೇಷ್ಟೆ. ಉತ್ತರ ಗೊತ್ತಾದ ಮೇಲೆ ತಿಳಿವಳಿಕೆ ಎಳ್ಳಷ್ಟೂ ಹೆಚ್ಚುವುದಿಲ್ಲ.)

ಸಂಖ್ಯೆ ಕಂಡರೆ ಸಾಕು, ಕೂಡಿಸಲು ಕೈ ಹಾಕುವ ಈ ಆತುರ ಬಂದದ್ದೆಲ್ಲಿಂದ? ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಗಣಿತ ಬೋಧನೆಯನ್ನು ಅಧ್ಯಯನ ಮಾಡುವ ಗುಂಪೊಂದು 1980ರ ಹೊತ್ತಿಗೆ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಒಂದು ವಿಚಿತ್ರ ಪ್ರಶ್ನೆ ಕೊಟ್ಟಿತು: ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕ್ಯಾಪ್ಟನ್ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಕ್ಕಳು ಆ ಸಂಖ್ಯೆಗಳನ್ನೇ ಹೇಗೋ ಬಳಸಿ ಉತ್ತರ ಹೇಳಿಬಿಟ್ಟರು. 26, 10 ಕೂಡಿಸಿದರೆ 36. ಕ್ಯಾಪ್ಟನ್ನಿಗೆ ಹೊಂದುವ ವಯಸ್ಸೇ! ಮಕ್ಕಳನ್ನು ದಡ್ಡರು ಎನ್ನಲು ನನಗೆ ಮನಸ್ಸಿಲ್ಲ. ಶಾಲೆಯಲ್ಲಿ ಕೊಡುವ ಲೆಕ್ಕಕ್ಕೆ ಉತ್ತರ ಇದ್ದೇ ಇರುತ್ತದೆ, ಕೊಟ್ಟ ಸಂಖ್ಯೆಗಳನ್ನೆಲ್ಲ ಬಳಸಲೇಬೇಕು, ಈ ಎರಡು ನಿಯಮಗಳನ್ನು ಯಾರೂ ಹೇಳಿಕೊಡದಿದ್ದರೂ ಅವರು ಕಲಿತುಬಿಟ್ಟಿದ್ದರು. ಚಳ್ಳಕೆರೆ ಸೀಮೆಯ ಕುರಿ ಕಾಯುವ ಹುಡುಗನನ್ನು ಹೀಗೇ ಕೇಳಿದ್ದರೆ, "ಕುರಿ ಎಣಿಸಿದರೆ ಕಾಯುವವನ ವಯಸ್ಸು ಹೇಗೆ ಗೊತ್ತಾಗುತ್ತೆ?" ಎಂದು ಅವನೇ ನಮ್ಮನ್ನು ಕೇಳುತ್ತಿದ್ದನೋ ಏನೋ.

ಇಲ್ಲಿಯವರೆಗೆ ಹೇಳಿದ್ದು ಮೋಸ ಹೋಗುವ ಸುಖ. ಒಗಟನ್ನು ತಿರುಗಿಸಿ ಹಿಡಿದಾಗ ಅದು ತಾನಾಗಿ ಬಿಚ್ಚಿಕೊಳ್ಳುವ ಸುಖವೇ ಬೇರೆ. ಅದಕ್ಕೆ ಚಿತ್ರದುರ್ಗದ ಏಳು ಸುತ್ತಿನ ಕೋಟೆಗಿಂತ ಒಳ್ಳೆಯ ಜಾಗ ಬೇಕೆ?

ಕೋಟೆಯೊಳಗಿನ ಗುಡ್ಡದಲ್ಲಿ ಒಬ್ಬಾತ ಸೀತಾಫಲ ಕಿತ್ತು ಚೀಲಕ್ಕೆ ತುಂಬಿಕೊಂಡ ಎನ್ನಿ. ಹೊರಬರಲು ಏಳು ಬಾಗಿಲು, ಬಾಗಿಲಿಗೊಬ್ಬ ಕಾವಲುಗಾರ. ಪ್ರತಿಯೊಬ್ಬನೂ ಇದ್ದ ಹಣ್ಣಿನಲ್ಲಿ ಅರ್ಧ, ಮೇಲೆ ಇನ್ನೊಂದು ಹಣ್ಣು ಕಿತ್ತುಕೊಂಡ. ಏಳನೇ ಬಾಗಿಲು ದಾಟಿದಾಗ ಚೀಲದಲ್ಲಿ ಉಳಿದದ್ದು ಒಂದೇ ಹಣ್ಣು. ಅವನು ಕಿತ್ತಿದ್ದೆಷ್ಟು? ಕೋಟೆ ನಮ್ಮದು, ಲೆಕ್ಕ ಇಟಲಿಯದು. ಪೀಸಾ ನಗರದ ಲಿಯೊನಾರ್ಡೊ, ಅಂದರೆ ನಾವು ಫಿಬೊನಾಚಿ ಎನ್ನುವವನು, 1202ರಲ್ಲಿ ಬರೆದ ಗಣಿತ ಗ್ರಂಥದಲ್ಲಿ ಏಳು ಬಾಗಿಲಿನ ತೋಟ ಮತ್ತು ಸೇಬುಗಳೊಂದಿಗೆ ಇದೇ ಪ್ರಶ್ನೆ ಇದೆ.

ಕಿತ್ತ ಹಣ್ಣು x ಎಂದು ಹಿಡಿದು ಮುಂದಕ್ಕೆ ಹೊರಟರೆ ಮೂರನೇ ಬಾಗಿಲಿಗೇ ಭಿನ್ನರಾಶಿಗಳು ಮುತ್ತಿಕೊಳ್ಳುತ್ತವೆ. ಹಿಂದಕ್ಕೆ ನಡೆಯಿರಿ. ಉಳಿದದ್ದು 1. ಕಾವಲುಗಾರ ಕೊನೆಯಲ್ಲಿ ತೆಗೆದ ಒಂದನ್ನು ಮರಳಿಸಿದರೆ 2, ಅದು ಅರ್ಧ, ಹಾಗಾದರೆ ಏಳನೇ ಬಾಗಿಲಿನ ಮುಂದೆ ಇದ್ದದ್ದು 4. ಹೀಗೇ 10, 22, 46, 94, 190, ಕೊನೆಗೆ 382.

ಇದಕ್ಕಿಂತ ಸೊಗಸಾದ ದಾರಿಯೊಂದಿದೆ. ಹೊರಡುವ ಮುನ್ನ ಆತ ಯಾರ ಹತ್ತಿರವಾದರೂ ಎರಡು ಹಣ್ಣು ಕೈಗಡ ತಂದು ಚೀಲಕ್ಕೆ ಹಾಕಿಕೊಳ್ಳಲಿ. ಈಗ ಚೀಲದಲ್ಲಿರುವುದರ ಅರ್ಧವೆಂದರೆ ಅವನ ಸ್ವಂತ ಹಣ್ಣಿನ ಅರ್ಧ ಮತ್ತು ಒಂದು. ಕಾವಲುಗಾರ ಕೇಳುವುದೂ ಸರಿಯಾಗಿ ಅಷ್ಟನ್ನೇ! ಆ ತೊಡಕಿನ "ಮೇಲೆ ಒಂದು" ಮಾಯವಾಗಿ, ಪ್ರತಿ ಬಾಗಿಲಿನಲ್ಲೂ ಚೀಲ ಸುಮ್ಮನೆ ಅರ್ಧವಾಗುತ್ತ ಹೋಗುತ್ತದೆ. ಕೊನೆಗೆ ಉಳಿಯುವುದು ಅವನದೊಂದು, ಸಾಲದ್ದೆರಡು, ಒಟ್ಟು 3. ಮೂರನ್ನು ಏಳು ಸಲ ಇಮ್ಮಡಿಸಿದರೆ 384. ಸಾಲ ಕಳೆದರೆ 382. ಬಾಗಿಲು ಇಪ್ಪತ್ತಿದ್ದರೂ ಇದೇ ಉಪಾಯ ನಡೆಯುತ್ತದೆ. ಹದಿನೇಳು ಒಂಟೆಗಳನ್ನು ಮೂವರು ಮಕ್ಕಳಿಗೆ ಹಂಚಲು ಹದಿನೆಂಟನೆಯದನ್ನು ಸಾಲ ತರುವ ಕಥೆ ನೀವು ಕೇಳಿರಬಹುದು. ಅದರಲ್ಲಿ ಸಾಲದ ಒಂಟೆ ಕೊನೆಗೆ ಹಾಗೇ ಮನೆಗೆ ಹೋಗುತ್ತದೆ. ಹುಲಿ, ಹಸು, ಹುಲ್ಲನ್ನು ಹೊಳೆ ದಾಟಿಸುವಾಗಲೂ ಬಿಡಿಸುವ ಗುಟ್ಟು ದಾಟಿಸಿದ ಹಸುವನ್ನು ಮರಳಿ ಕರೆತರುವುದರಲ್ಲೇ ಇದೆ. ಮುಂದೆ ಹೋಗುವ ಹಟದಲ್ಲಿ ಅದು ಹೊಳೆಯುವುದಿಲ್ಲ.

ಇಂಥವು ನಮ್ಮ ನೆಲದಲ್ಲಿ ಫಿಬೊನಾಚಿಗಿಂತ ಮೂರೂವರೆ ಶತಮಾನ ಮೊದಲೇ ಇದ್ದವು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ' ಇಂಥ ಕಥೆಲೆಕ್ಕಗಳ ಕಣಜ. ಅದರ ಮಾವಿನಹಣ್ಣಿನ ಲೆಕ್ಕ ಹೀಗಿದೆ: ರಾಶಿಯಲ್ಲಿ ಆರನೇ ಒಂದು ಪಾಲು ರಾಜನಿಗೆ, ಉಳಿದದ್ದರಲ್ಲಿ ಐದನೇ ಒಂದು ರಾಣಿಗೆ, ಮತ್ತೆ ಉಳಿದುಳಿದದ್ದರಲ್ಲಿ ನಾಲ್ಕನೇ ಒಂದು, ಮೂರನೇ ಒಂದು, ಎರಡನೇ ಒಂದು ಮೂವರು ರಾಜಕುಮಾರರಿಗೆ, ಕಡೆಗೆ ಉಳಿದ ಮೂರು ಹಣ್ಣು ಕಿರಿಯ ಕೂಸಿಗೆ. ರಾಶಿಯಲ್ಲಿ ಎಷ್ಟಿದ್ದವು? ಬಿಡಿಸಿ ನೋಡಿದರೆ 18. ಮಜಾ ಇರುವುದು ಆಮೇಲೆ: ರಾಜನಿಗೆ 3, ರಾಣಿಗೆ 3, ಮೂವರು ಕುಮಾರರಿಗೂ ಮೂರು ಮೂರು, ಕೂಸಿಗೂ 3. ಭಾರಿ ಏರುಪೇರಿನ ಹಂಚಿಕೆಯಂತೆ ಕೇಳಿಸಿದ್ದು ಆರು ಜನರಿಗೆ ಸರಿಸಮ ಪಾಲು. ಆರು ಜನರಲ್ಲಿ ಮೊದಲನೆಯವನು ಆರನೇ ಒಂದನ್ನು ತೆಗೆದರೆ ಐವರು ಉಳಿಯುತ್ತಾರೆ, ಎರಡನೆಯವಳು ಐದನೇ ಒಂದನ್ನು ತೆಗೆದರೆ ನಾಲ್ವರು. ಹೀಗೆ ನೋಡಿದರೆ ಭಿನ್ನರಾಶಿಯನ್ನು ಮುಟ್ಟದೆಯೇ ಉತ್ತರ ಹೇಳಬಹುದು. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಗಣಿತವನ್ನು ಪದ್ಯಕ್ಕೆ ತಂದ. ಅವನ 'ವ್ಯವಹಾರಗಣಿತ'ದ ಹೆಸರನ್ನಾದರೂ ನಮ್ಮ ಮಕ್ಕಳು ಶಾಲೆಯಲ್ಲಿ ಕೇಳಬೇಕಿತ್ತು.

ಕೆಲವರಿಗೆ ಒಗಟು ಉತ್ತರ ಸಿಕ್ಕಲ್ಲಿಗೆ ನಿಲ್ಲುವುದಿಲ್ಲ. 1914ರ ಡಿಸೆಂಬರಿನಲ್ಲಿ ಲಂಡನ್ನಿನ 'ಸ್ಟ್ರ್ಯಾಂಡ್' ಮಾಸಪತ್ರಿಕೆಯಲ್ಲಿ ಒಂದು ಲೆಕ್ಕ ಬಂದಿತ್ತು. ಬೀದಿಯ ಒಂದೇ ಬದಿಯ ಮನೆಗಳಿಗೆ 1, 2, 3 ಎಂದು ವರಸೆಯಾಗಿ ಸಂಖ್ಯೆ ಹಾಕಿದ್ದಾರೆ. ಒಂದು ಮನೆಯ ಎಡಕ್ಕಿರುವ ಮನೆಗಳ ಸಂಖ್ಯೆಗಳ ಮೊತ್ತ, ಬಲಕ್ಕಿರುವವುಗಳ ಮೊತ್ತಕ್ಕೆ ಸಮ. ಮನೆಗಳು 50ಕ್ಕಿಂತ ಹೆಚ್ಚು, 500ಕ್ಕಿಂತ ಕಡಿಮೆ. ಆ ಮನೆ ಯಾವುದು? ಕೇಂಬ್ರಿಜ್‌ನಲ್ಲಿ ಓದುತ್ತಿದ್ದ, ಮುಂದೆ ಸಂಖ್ಯಾಶಾಸ್ತ್ರಜ್ಞರಾಗಿ ಹೆಸರಾದ ಪಿ.ಸಿ. ಮಹಾಲನೋಬಿಸ್ ತುಸು ಹೊತ್ತು ಪ್ರಯತ್ನಿಸಿ ಉತ್ತರ ಕಂಡುಕೊಂಡು, ಒಲೆಯ ಮುಂದೆ ತರಕಾರಿ ಬಾಡಿಸುತ್ತಿದ್ದ ಶ್ರೀನಿವಾಸ ರಾಮಾನುಜನ್ನರಿಗೆ ಓದಿ ಹೇಳಿದರು. ರಾಮಾನುಜನ್ ಬರೆದುಕೊಳ್ಳಲು ಹೇಳಿ, ಒಂದು ಸತತ ಭಿನ್ನರಾಶಿಯನ್ನು, ಅಂದರೆ ಛೇದದೊಳಗೆ ಮತ್ತೆ ಮತ್ತೆ ಭಿನ್ನರಾಶಿ ಬರುತ್ತ ಸಾಗುವಂಥದ್ದನ್ನು, ಹೇಳುತ್ತ ಹೋದರು. ಪತ್ರಿಕೆ ಕೇಳಿದ್ದು 288 ಮನೆಗಳ ಬೀದಿಯ 204ನೇ ಮನೆಯನ್ನು. ಅವರು ಕೊಟ್ಟದ್ದು 50, 500ರ ಮಿತಿಯನ್ನೇ ಕಿತ್ತುಹಾಕಿ, ಇಂಥ ಬೀದಿಗಳೆಲ್ಲವನ್ನೂ.

ಅವುಗಳಲ್ಲಿ ಚಿಕ್ಕದನ್ನು ದಾವಣಗೆರೆಯ ಯಾವುದಾದರೂ ಅಡ್ಡರಸ್ತೆಯಲ್ಲಿ ನಿಂತೇ ತಾಳೆ ನೋಡಬಹುದು. ಎಂಟು ಮನೆಗಳ ಸಾಲಿನಲ್ಲಿ ಆರನೆಯದು: ಎಡಕ್ಕೆ 1ರಿಂದ 5, ಕೂಡಿದರೆ 15, ಬಲಕ್ಕೆ 7 ಮತ್ತು 8, ಅದೂ 15. ಅದರ ಮುಂದಿನದು 49 ಮನೆಗಳಲ್ಲಿ 35ನೆಯದು, ಆಮೇಲೆ 204. ಒಂದೇ ಮನೆಯ ಬೀದಿಯನ್ನೂ (ಎರಡು ಬದಿಯ ಮೊತ್ತವೂ ಸೊನ್ನೆ) ಸೇರಿಸಿಕೊಂಡು ಮನೆ ಸಂಖ್ಯೆಗಳನ್ನಷ್ಟೇ ಸಾಲಾಗಿ ಬರೆಯಿರಿ: 1, 6, 35, 204. ಯಾವುದೇ ಒಂದನ್ನು ಆರರಿಂದ ಗುಣಿಸಿ ಅದರ ಹಿಂದಿನದನ್ನು ಕಳೆದರೆ ಮುಂದಿನದು ಸಿಗುತ್ತದೆ. ಹಾಗೆ ಹೊರಟರೆ 204ರ ನಂತರ ಬರುವುದು 1189ನೇ ಮನೆ. ಆ ಬೀದಿಯಲ್ಲಿ ಒಟ್ಟು 1681 ಮನೆಗಳಿರಬೇಕು.